ತಟ್ಟೆ, ಸುರುಳಿ, ಮೈದಾನ

ಬಸವನಗುಡಿಯ ನನ್ನ ಬಂಧುಗಳಲ್ಲಿ ಒಂದು ಗಟ್ಟಿ ನಂಬಿಕೆಯಿದೆ. ಸಂಗೀತವೆಂಬುದು ಗಾಂಧಿಬಜಾರಿನಲ್ಲಿ ಎದ್ದು, ಚಾಮರಾಜಪೇಟೆಯ ರಾಮೋತ್ಸವದ ಚಪ್ಪರದಲ್ಲಿ ಕುಳಿತು, ಮಲ್ಲೇಶ್ವರಕ್ಕೆ ಹೋಗಿ ಕಾಫಿ ಕುಡಿದು ಮನೆಗೆ ವಾಪಸಾಗುತ್ತದೆ. ಕಬ್ಬನ್ ಪಾರ್ಕನ್ನು ದಾಟಿ ಈಚೆಗೆ ಬರುವುದಿಲ್ಲ ಎಂದು. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರದ ನಾವೆಲ್ಲ ಅವರ ಲೆಕ್ಕದಲ್ಲಿ 'ದಂಡಿನ ಕಡೆಯವರು'. ನಮಗೆ ಇರುವುದು ಬ್ಯಾಂಡು, ಬಿರಿಯಾನಿ ಮತ್ತು ನಾಲ್ಕು ಭಾಷೆಗಳ ಗದ್ದಲ. ಮದುವೆ ಮುಂಜಿಗಳಲ್ಲಿ ಈ ತಮಾಷೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಅದಕ್ಕೆ ನಿಧಾನವಾಗಿ ಕುಳಿತು ಒಂದು ಉತ್ತರ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಹಾಡಿದವರ ಚರಿತ್ರೆಯನ್ನು ಎಲ್ಲರೂ ಬರೆಯುತ್ತಾರೆ, ಕೇಳಿದವರದನ್ನು ಬರೆಯುವವರಿಲ್ಲ. ಆದರೆ ಕೇಳುವವರಿಗೂ ಒಂದು ಚರಿತ್ರೆಯಿದೆ, ಅವರಲ್ಲೂ ಪಕ್ಷಗಳಿವೆ, ಜಗಳಗಳಿವೆ. ನಾನು ಪಾಠ ಹೇಳಿದ ಶಾಲೆಗಳ ಉಪಾಧ್ಯಾಯರ ಕೋಣೆಯಲ್ಲಿ ಸಂಬಳದ ಮಾತು ಬಿಟ್ಟರೆ ಹೆಚ್ಚು ನಡೆದ ಚರ್ಚೆ ಇದೇ: ನಿಮಗೆ ಬಹಳ ಇಷ್ಟವಾದ ಹಾಡಿನ ತಟ್ಟೆ ಯಾವುದು, ಸುರುಳಿ ಯಾವುದು, ಮತ್ತು ಯಾರ ಕಾರ್ಯಕ್ರಮಕ್ಕೆ ಆಸೆಯಿಂದ ಹೋಗಿ ಪೆಚ್ಚುಮೋರೆ ಹಾಕಿಕೊಂಡು ಬಂದಿರಿ? ಮೊದಲನೆಯ ಪ್ರಶ್ನೆಗೆ ಎಲ್ಲರೂ ಯೋಚಿಸಿ ಉತ್ತರ ಹೇಳುತ್ತಾರೆ. ಎರಡನೆಯದಕ್ಕೆ ಯೋಚನೆಯೇ ಬೇಕಿಲ್ಲ, ನಾಲಗೆಯ ತುದಿಯಲ್ಲೇ ಇರುತ್ತದೆ.

ಈ ಜಗಳದ ಮೂಲ ತಟ್ಟೆಯಲ್ಲೇ ಇದೆ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಆಕೆ ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ತಟ್ಟೆಯಲ್ಲಿ ಇದ್ದ ಜಾಗವೇ ಅಷ್ಟು. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದುದೂ ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ದೇಶಕ್ಕೆಲ್ಲ ಮನೆಮಾತಾದ ಆ ಹೆಣ್ಣುಮಗಳು ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರನ್ನು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ನೇಮಿಸಿಕೊಂಡರು. ಒಂದೂವರೆ ವರ್ಷದೊಳಗೆ, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಗಾಯಕಿ ಹೋದ ಮೇಲೂ ಮನೆಯಲ್ಲಿ ಹಾಡುತ್ತಲೇ ಇರುವುದು ಎಂದರೆ ಏನೆಂದು ಈ ದೇಶದ ಜನಕ್ಕೆ ತಿಳಿಸಿದ ಮೊದಲಿಗರಲ್ಲಿ ಅವರೂ ಒಬ್ಬರು.

ಆ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಅರಗಿನಿಂದ ಮಾಡಿದವು, ಕೈಜಾರಿದರೆ ಹಪ್ಪಳದಂತೆ ಚೂರಾಗುತ್ತಿದ್ದವು. ಒಂದು ದೊಡ್ಡ ಕೃತಿಯನ್ನು ಮುದ್ರಿಸಲು ಐದಾರು ತಟ್ಟೆ ಬೇಕಾಗುತ್ತಿತ್ತು. ಅವನ್ನು ಫೋಟೋ ಆಲ್ಬಮ್ಮಿನಂತೆ ಪುಟಪುಟವಾಗಿ ಚೀಲವಿದ್ದ ದಪ್ಪ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಇಂದಿಗೂ ನಾವು ಹಾಡುಗಳ ಗುಚ್ಛವನ್ನು 'ಆಲ್ಬಮ್' ಎನ್ನುವುದು ಈ ಪುಸ್ತಕದ ನೆನಪಿನಿಂದ. ಪುಸ್ತಕವೂ ಹೋಯಿತು, ತಟ್ಟೆಯೂ ಹೋಯಿತು, ಹೆಸರು ಮಾತ್ರ ಉಳಿದುಕೊಂಡಿದೆ.

ತಟ್ಟೆಯ ಮೋಹದ ಮಾತು ಬಂದರೆ ನಮ್ಮ ಸಂಸ್ಥಾನದ ಕೊನೆಯ ಮಹಾರಾಜರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಜಯಚಾಮರಾಜ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದು ಎಲ್ಲರಿಗೂ ಗೊತ್ತು. ಅವರ ಪಾಶ್ಚಾತ್ಯ ಸಂಗೀತದ ಹುಚ್ಚು ಅಷ್ಟು ಜನಕ್ಕೆ ಗೊತ್ತಿಲ್ಲ. ಅವರ ಬಳಿ ಸುಮಾರು 20,000 ತಟ್ಟೆಗಳಿದ್ದವೆಂದು ಅಂದಾಜು. ಲಂಡನ್ನಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಮುದುಕ ಸಂಗೀತಗಾರನ ಕೃತಿಗಳೆಂದರೆ ಅವರಿಗೆ ಪ್ರಾಣ. ಯಾರೂ ಕೇಳದ ಆ ಸಂಗೀತವನ್ನು ಮುದ್ರಿಸಲು 1940ರ ದಶಕದ ಕೊನೆಯಲ್ಲಿ ಅವರು ಹಣ ಕೊಟ್ಟರು. ಮುದುಕ ತಾನೇ ಪಿಯಾನೊ ನುಡಿಸಿ ಮುದ್ರಿಸಿದ. ತನ್ನ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಆತ ತೀರಿಕೊಂಡಾಗ ಉಳಿದದ್ದು ಆ ತಟ್ಟೆಗಳು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಸಾಯುವ ಮುನ್ನ ರಚಿಸಿದ ನಾಲ್ಕು ಕಡೆಯ ಹಾಡುಗಳು ಮೊದಲ ಬಾರಿಗೆ ಜನರ ಮುಂದೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯಮೇಳವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿ ನಷ್ಟವಾದರೆ ತುಂಬಿಕೊಡುವ ಭರವಸೆ ಕೊಟ್ಟವರು ನಮ್ಮ ಮಹಾರಾಜರು. ಆದರೆ ಅವರು ಅಲ್ಲಿ ಕುಳಿತು ಕೇಳಲಿಲ್ಲ. ಅಂದಿನ ಹಾಡನ್ನು ಅವರಿಗಾಗಿ ತಟ್ಟೆಯಲ್ಲಿ ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಸಭೆಯಲ್ಲಿದ್ದ ಸಾವಿರಾರು ಜನ ಒಮ್ಮೆ ಕೇಳಿ ಎದ್ದುಹೋದರು. ಹಣ ಕೊಟ್ಟವರು ಕರ್ರ್ ಕರ್ರ್ ಎನ್ನುವ ತಟ್ಟೆಯಲ್ಲಿ ಎಷ್ಟು ಸಲ ಬೇಕೋ ಅಷ್ಟು ಸಲ ಕೇಳಿಕೊಂಡರು. ಇವರಲ್ಲಿ ಯಾರು ಹೆಚ್ಚು ಕೇಳಿದರು? ಉಪಾಧ್ಯಾಯರ ಕೋಣೆಯ ಜಗಳದಲ್ಲಿ ನಾನು ಈ ಪ್ರಶ್ನೆಯನ್ನು ಹಾಕಿದಾಗಲೆಲ್ಲ ಒಂದು ನಿಮಿಷದ ಮೌನ ಸಿಗುತ್ತದೆ.

ಇನ್ನು ದಂಡಿಗೆ ಬರೋಣ. 1809ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯವನ್ನು ನೆಲೆಗೊಳಿಸಿದರು. 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. 1947ರ ಜುಲೈನಲ್ಲಿ ಅದು ಮೈಸೂರಿಗೆ ವಾಪಸಾಯಿತು. 1949ರಲ್ಲಿ ಎರಡು ಊರುಗಳಿಗೂ ಸೇರಿ ಒಂದು ಕಾರ್ಪೊರೇಷನ್ ಆಯಿತು. ಕಾಗದದ ಮೇಲೆ ಆದ ಮದುವೆ ಅದು. ಕಿವಿಗಳು ಮಾತ್ರ ಬಹುಕಾಲ ಬೇರೆಯಾಗಿಯೇ ಇದ್ದವು. ಹಲಸೂರಿನ ಸೋಮೇಶ್ವರನ ಹೂವಿನ ಪಲ್ಲಕ್ಕಿಯ ಮುಂದೆ ನಾಗಸ್ವರ, ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಸಂತ ಮೇರಿಯ ತೇರಿನ ಮುಂದೆ ತಮಿಳು ಭಜನೆ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ಖವ್ವಾಲಿ, ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಸೈನಿಕರ ಬ್ಯಾಂಡು. ಮನೆಯೊಳಗೆ ರೇಡಿಯೊ. 1952ರಲ್ಲಿ ಮಂತ್ರಿ ಕೇಸ್ಕರ್ ಅವರು ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ಹೊರಹಾಕಿದಾಗ ದೇಶದ ಮುಳ್ಳೆಲ್ಲ ರೇಡಿಯೊ ಸಿಲೋನಿನ ಕಡೆ ತಿರುಗಿತು. ಬೆಂಗಳೂರಿನ ಆಕಾಶವಾಣಿ ಕೇಂದ್ರ 1955ರ ನವೆಂಬರ್ 2ರಂದು ಶುರುವಾಯಿತು. 1957ರಲ್ಲಿ ವಿವಿಧ ಭಾರತಿ ಬಂದ ಮೇಲೆ ಚಿತ್ರಗೀತೆಗೆ ಮತ್ತೆ ಮರ್ಯಾದೆ ಸಿಕ್ಕಿತು.

ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಆಂಗ್ಲೋ ಇಂಡಿಯನ್ ಮೇಡಂ ಒಬ್ಬರು ಕುಕ್‌ಟೌನಿನವರು. ಅವರ ಮನೆಯ ದೇವರು ಜಿಮ್ ರೀವ್ಸ್. ಅಮೆರಿಕದ ಆ ಗಾಯಕ 1964ರ ಜುಲೈನಲ್ಲಿ ವಿಮಾನ ಬಿದ್ದು ಸತ್ತ. ಆದರೂ ದಂಡಿನ ಅದೆಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಬಂತೆಂದರೆ ಅವನ ಗಂಭೀರ ದನಿಯೇ ಬಾಗಿಲು ತೆರೆಯುತ್ತಿತ್ತು. ಮೇಡಂ ಅವರ ವಾದ ಸರಳವಾಗಿತ್ತು: "ಅವನನ್ನು ನಾನು ಎದುರಿಗೆ ಕೇಳಲು ಸಾಧ್ಯವೇ ಇರಲಿಲ್ಲ. ಆದ್ದರಿಂದ ಅವನು ನನಗೆ ಎಂದೂ ನಿರಾಸೆ ಮಾಡಲಿಲ್ಲ." ಅಭಿಮಾನಕ್ಕೆ ಇದಕ್ಕಿಂತ ಭದ್ರವಾದ ಬುನಾದಿ ಬೇರೆ ಇರಲಾರದು!

ಹಾಗಾದರೆ ಕನ್ನಡ ಎಲ್ಲಿತ್ತು? ಬಂಧುಗಳ ಪ್ರಶ್ನೆ ಇದೇ. ಕನ್ನಡ ನಮ್ಮ ಕಡೆಗೆ ಬಂದದ್ದು ಎರಡು ದಾರಿಯಲ್ಲಿ ಎಂದು ನನ್ನ ತಿಳಿವಳಿಕೆ. ಒಂದು ಕಾರ್ಖಾನೆ, ಇನ್ನೊಂದು ಕ್ಯಾಸೆಟ್ಟು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯಾದ ಐ.ಟಿ.ಐ. ಬಂದವು. ಹಾಸನ, ತುಮಕೂರು, ಕೋಲಾರದ ಹಳ್ಳಿಗಳ ಹುಡುಗರು ಸೈರನ್ನಿನ ಲೆಕ್ಕಕ್ಕೆ ಬದುಕುವ ಕಾರ್ಮಿಕರಾದರು. ಅವರು ಕನ್ನಡ ಸಂಘಗಳನ್ನು ಕಟ್ಟಿಕೊಂಡರು, ನಾಟಕವಾಡಿದರು, ನವೆಂಬರಿನಲ್ಲಿ ಶಾಮಿಯಾನ ಹಾಕಿದರು. ಆ ಐ.ಟಿ.ಐ.ಯಲ್ಲಿ 27 ವರ್ಷ ನೌಕರಿ ಮಾಡಿದ ಒಬ್ಬರು ಚನ್ನರಾಯಪಟ್ಟಣದವರು, ವಿಜ್ಞಾನದ ಪದವೀಧರರು. ಹೆಸರು ಸಿ. ಅಶ್ವತ್ಥ್. ಸುಗಮ ಸಂಗೀತದ ಆ ದೊಡ್ಡ ದನಿ ನಮ್ಮ ಪೂರ್ವದ ಕಾರ್ಖಾನೆಯ ಹಾಜರಿಪುಸ್ತಕದಲ್ಲಿತ್ತು ಎಂಬುದನ್ನು ನಾನು ಬಸವನಗುಡಿಯಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತೇನೆ.

ಕ್ಯಾಸೆಟ್ಟಿನ ಕತೆ 1978ರಿಂದ ಶುರು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ 'ನಿತ್ಯೋತ್ಸವ' ಆ ವರ್ಷ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದು ಹೆಸರಾಯಿತು. ಅದಕ್ಕೆ ಮುಂಚೆ ಕಾಳಿಂಗರಾಯರು ವೇದಿಕೆಯ ಮೇಲೆ ಕವಿತೆಗಳನ್ನು ಹಾಡಿ ಜನರಿಗೆ ರುಚಿ ಹತ್ತಿಸಿದ್ದರು. ಆದರೆ ರಾಯರನ್ನು ಕೇಳಬೇಕಾದರೆ ರಾಯರು ಇದ್ದಲ್ಲಿಗೆ ಹೋಗಬೇಕು, ಇಲ್ಲವೇ ರೇಡಿಯೊದವರ ದಯೆಗೆ ಕಾಯಬೇಕು. ಕ್ಯಾಸೆಟ್ಟು ಹಾಗಲ್ಲ. ಕೆಲವು ರೂಪಾಯಿ ಕೊಟ್ಟರೆ ಕವಿ ಮನೆಗೇ ಬಂದ. ನಂತರ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ', ಶಿಶುನಾಳ ಶರೀಫರ ತತ್ವಪದಗಳು. 1942ರ ಪುಸ್ತಕವೊಂದು ನಾಲ್ಕು ದಶಕಗಳ ಮೇಲೆ ಅಡುಗೆಮನೆಯ ಕಿಟಕಿಯಿಂದ ಹೊರಗೆ ಕೇಳಿಬರತೊಡಗಿತು. ಓದಲು ಬಾರದ ಹೆಂಗಸರೂ ಕಾವ್ಯವನ್ನು ಬಾಯಿಪಾಠ ಮಾಡಿದರು. 1987ರಲ್ಲಿ 'ಪ್ರೇಮಲೋಕ' ಬಂದಾಗಂತೂ ಹಂಸಲೇಖರ ಹಾಡುಗಳು ಹಲಸೂರಿನ ಟೀ ಅಂಗಡಿ, ಆಟೊ, ಕ್ಷೌರದಂಗಡಿ ಎನ್ನದೆ ಎಲ್ಲ ಕಡೆ ಮೊಳಗಿದವು. ತಮಿಳು ಮನೆಮಾತಿನ ಹುಡುಗರು ಅದನ್ನು ಕೇಳಿಯೇ ಕನ್ನಡ ಕಲಿತರು. ಅವರ ಪತ್ರಲೇಖನದಲ್ಲಿ ಆ ಹಾಡಿನ ಪದಗಳು ಇಣುಕುವುದನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದದೆ ಬಿಟ್ಟಿದ್ದೇನೆ.

ಈ ಸುರುಳಿಗಳ ಬೆಲೆ ನನಗೆ ತಿಳಿದದ್ದು 1994ರಲ್ಲಿ. ಆ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ವಿಚಾರವಾಗಿ ಊರಿನಲ್ಲಿ ಗಲಭೆಯಾಗಿ ಜೀವಗಳು ಹೋದವು. ಅದಕ್ಕೆ ಮೂರು ವರ್ಷ ಮೊದಲು, 1991ರ ಡಿಸೆಂಬರಿನಲ್ಲಿ, ಕಾವೇರಿಯ ಹೆಸರಿನಲ್ಲಿ ತಮಿಳರ ಮನೆಗಳು ಉರಿದಿದ್ದವು. ಶಾಲೆ ಮತ್ತೆ ತೆರೆದಾಗ ಉಪಾಧ್ಯಾಯರ ಕೋಣೆಯಲ್ಲಿ ಮಾತೇ ಇರಲಿಲ್ಲ. ಉರ್ದು ಮೇಷ್ಟ್ರು ಮೂಲೆಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಎಲ್ಲರ ಕಣ್ಣೂ ಮೇಜಿನ ಮೇಲೆಯೇ. ವಾರದ ನಂತರ ಅವರು ತಮ್ಮ ಚೀಲದಿಂದ ಶರೀಫರ ಪದಗಳ ಸುರುಳಿಯೊಂದನ್ನು ತೆಗೆದು ನನ್ನ ಮುಂದಿಟ್ಟು, "ಟೀಚರ್, ಇದರಲ್ಲಿ ನಾಲ್ಕೈದು ಪದಗಳಿಗೆ ನನಗೆ ಅರ್ಥ ಹತ್ತಲಿಲ್ಲ, ಹೇಳಿಕೊಡಿ" ಎಂದರು. ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯನಾದ ಮುಸಲ್ಮಾನ ಸಂತನ ಪದಗಳು. ಧಾರವಾಡದ ಸೀಮೆಯ ಮಾತು ನನಗೂ ಪೂರ್ತಿ ಹತ್ತುತ್ತಿರಲಿಲ್ಲ. ಇಬ್ಬರೂ ನಿಘಂಟು ತೆಗೆದುಕೊಂಡು ಕುಳಿತೆವು. ಆ ಮಧ್ಯಾಹ್ನ ಮತ್ತೆ ಮಾತು ಶುರುವಾಯಿತು, ಮತ್ತೆ ಜಗಳವೂ ಶುರುವಾಯಿತು. ಅಷ್ಟು ಸಾಕಾಗಿತ್ತು.

ಇನ್ನು ನಿರಾಸೆಯ ಪುರಾಣ. ನನ್ನ ಮೆಚ್ಚಿನ ಸುರುಳಿಯ ಗಾಯಕಿಯೊಬ್ಬರು ನಮ್ಮ ಕಡೆಯ ಬಡಾವಣೆಯೊಂದರ ರಾಜ್ಯೋತ್ಸವಕ್ಕೆ ಬರುತ್ತಾರೆಂದು ತಿಳಿದು, ನಾವು ನಾಲ್ವರು ಉಪಾಧ್ಯಾಯಿನಿಯರು ಸಂಜೆ ಐದಕ್ಕೇ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆವು. ಆರಕ್ಕೆ ಸ್ವಾಗತ. ಆರೂವರೆಗೆ ಅಧ್ಯಕ್ಷರು. ಕನ್ನಡದ ಉಳಿವಿನ ಬಗ್ಗೆ ಅತಿಥಿಗಳು ಮುಕ್ಕಾಲು ಗಂಟೆ. ಆಮೇಲೆ ಸನ್ಮಾನ, ಹಾರ, ಶಾಲು, ಹಣ್ಣಿನ ಬುಟ್ಟಿ. ಒಂಬತ್ತೂಕಾಲಕ್ಕೆ ಗಾಯಕಿಗೆ ಮೈಕು ಸಿಕ್ಕಿತು. ಅದು ಕೀರಲು ಹಾಕಿತು. ಹಿಂದೆ ವಾದ್ಯದವರ ಬದಲು ಕ್ಯಾಸೆಟ್ಟಿನಲ್ಲಿ ತುಂಬಿಸಿ ತಂದ ಹಿನ್ನೆಲೆ ಸಂಗೀತ. ಎರಡು ಹಾಡಾಗುವಷ್ಟರಲ್ಲಿ ಶಾಮಿಯಾನದವನು ಕುರ್ಚಿ ಮಡಚತೊಡಗಿದ. ಮನೆಗೆ ಬಂದು ಅದೇ ಸುರುಳಿಯನ್ನು ಹಾಕಿಕೊಂಡೆ. ಆದರೆ ಅಂದು ಆ ದನಿಯಲ್ಲಿ ನನಗೆ ಆಕೆಯ ದಣಿದ ಮುಖವೇ ಕಾಣಿಸಿತು. ಆಮೇಲೆ ಹಲವು ಸಲ ಯೋಚಿಸಿದ್ದೇನೆ. ನಾವು ಸುರುಳಿಯನ್ನು ಕೊಂಡು ಮೆಚ್ಚುವವರು, ಎದುರಿಗೆ ಬಂದ ಕಲಾವಿದೆಗೆ ಒಂದು ಒಳ್ಳೆಯ ಮೈಕನ್ನೂ ಅರ್ಧ ಗಂಟೆಯ ಸಮಯವನ್ನೂ ಕೊಡಲಾರೆವಾದರೆ, ಆ ನಿರಾಸೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಇದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದ್ದದ್ದು ಅರಮನೆ ಮೈದಾನದಲ್ಲಿ. ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಅನತಿದೂರದಲ್ಲಿರುವ ಬೆಂಗಳೂರು ಅರಮನೆಯ ಸುತ್ತಿನ ನಾನೂರಕ್ಕೂ ಹೆಚ್ಚು ಎಕರೆ ಜಾಗದ ಒಡೆತನದ ಬಗ್ಗೆ ಸರ್ಕಾರ 1996ರಲ್ಲಿ ಕಾನೂನು ಮಾಡಿತು, ವ್ಯಾಜ್ಯ ವರ್ಷಾನುಗಟ್ಟಲೆ ಎಳೆಯಿತು. ಆ ಮಧ್ಯೆ ಮೈದಾನ ಮಾತ್ರ ಸಂಗೀತಕ್ಕೆ ತೆರೆದುಕೊಂಡಿತು. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ತಂಡ ಇಂಡಿಯಾದ ತನ್ನ ಮೊದಲ ಕಛೇರಿಯನ್ನು ಇಲ್ಲಿ ಕೊಟ್ಟಿತು. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬಂತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಅದಕ್ಕೆ ಎರಡು ದಿನ ಮೊದಲು ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ ಇದೇ ತಂಡದ ಕಛೇರಿ ಕೊನೆಯ ಗಳಿಗೆಯಲ್ಲಿ ನಿಂತುಹೋಗಿ, ಸಿಟ್ಟಿಗೆದ್ದ ಜನ ವೇದಿಕೆಯನ್ನು ಮುರಿದಿದ್ದರು. ನಮ್ಮ ಗಣಿತದ ಹುಡುಗ ಮೇಷ್ಟ್ರು ಇಲ್ಲಿಯ ಕಛೇರಿಗೆ ಹೋಗಿ ಮರುದಿನ ಗಂಟಲು ಕಟ್ಟಿಸಿಕೊಂಡು ಬಂದರು. ಗಿಟಾರಿನ ನುಡಿಗಳನ್ನೂ ಜನ ಬಾಯಲ್ಲೇ ಹಾಡಿದರಂತೆ. ಇಪ್ಪತ್ತು ವರ್ಷ ಸುರುಳಿಯಲ್ಲಿ ಕೇಳಿದ್ದರ ಫಲ ಅದು.

ಇವೆರಡರ ನಡುವೆ, 2005ರ ಏಪ್ರಿಲಿನಲ್ಲಿ, ಅದೇ ಮೈದಾನದಲ್ಲಿ ಅಶ್ವತ್ಥರ 'ಕನ್ನಡವೇ ಸತ್ಯ' ನಡೆಯಿತು. ಬರೀ ಭಾವಗೀತೆ ಕೇಳಲು ಅಷ್ಟು ಜನಸಾಗರ ಸೇರುತ್ತದೆಂದು ಯಾರು ನಂಬಿದ್ದರು! ನಾನಿದ್ದ ಜಾಗದಿಂದ ವೇದಿಕೆಯ ಜನ ಬೆರಳಿನಷ್ಟು ಕಾಣುತ್ತಿದ್ದರು. ಸುರುಳಿಯಲ್ಲಿದ್ದ ನಯ ಅಲ್ಲಿರಲಿಲ್ಲ ಎಂದು ಕೆಲವರು ಗೊಣಗಿದರು. ನಿಜವೇ. ಆದರೆ ಅಡುಗೆಮನೆಗಳಲ್ಲಿ ಒಬ್ಬೊಬ್ಬರೇ ಗುನುಗಿಕೊಂಡಿದ್ದನ್ನು ಎಲ್ಲರೂ ಸೇರಿ ಬಾಯಿಬಿಟ್ಟು ಹಾಡಿದರು. ದಂಡಿನ ಅಂಚಿನ ಆ ಬಯಲಿನಲ್ಲಿ ನನ್ನ ಬಸವನಗುಡಿಯ ಅಣ್ಣನೂ ಇದ್ದ ಎಂಬುದು ಆಮೇಲೆ ಫೋನಿನಲ್ಲಿ ಗೊತ್ತಾಯಿತು.

ಇಂದಿರಾನಗರದ ಕತೆ ಬೇರೆ ತರಹದ್ದು. ಎಂಟನೆಯ ಮೇನಿನ ಪುರಂದರ ಭವನದಲ್ಲಿ ಕಛೇರಿಗಳು ನಡೆದರೆ, ನೂರಡಿ ರಸ್ತೆಯ ಸುತ್ತಮುತ್ತ ಯುವಕರು ಬ್ಯಾಂಡ್ ಕೇಳುವ ಮಹಡಿಗಳು ಎದ್ದವು. ಪಕ್ಕದ ಮನೆಯವರಿಗೆ ನಿದ್ರೆ ಹೋಯಿತು, ದೂರುಗಳು ಹೋದವು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಲೈಸೆನ್ಸ್ ಬೇಕೆಂಬ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಸಂಗೀತ ನಿಂತಿತು. ಹೊಸ ತಂಡಗಳಿಗೆ ಆಸರೆಯಾಗಿದ್ದ 'ಹಮ್ಮಿಂಗ್ ಟ್ರೀ' 2019ರಲ್ಲಿ ಬಾಗಿಲು ಹಾಕಿತು. ಮಾರನೆಯ ಬೆಳಿಗ್ಗೆ ಮೊದಲ ಪೀರಿಯಡ್ ಇದ್ದವಳಾಗಿ ನಿದ್ರೆಗೆಟ್ಟವರ ಕಷ್ಟ ನನಗೆ ಗೊತ್ತು. ಆದರೂ ಎದುರಿಗೆ ಹಾಡುವ ಜಾಗವೇ ಇಲ್ಲದ ಊರಿನಲ್ಲಿ ಮುಂದಿನ ಅಶ್ವತ್ಥ್ ಎಲ್ಲಿ ತನ್ನ ದನಿ ಪಳಗಿಸಿಕೊಳ್ಳಬೇಕು ಎಂದೂ ಚಿಂತೆಯಾಗುತ್ತದೆ.

ಅಭಿಮಾನಿಗಳ ಜಗಳ ಕೊನೆಗೆ ಸರ್ಕಾರದ ಮೆಟ್ಟಿಲನ್ನೂ ಹತ್ತಿತು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಹಾಡುವ ಧಾಟಿ ಅನಂತಸ್ವಾಮಿಯವರದೋ ಅಶ್ವತ್ಥರದೋ ಎಂಬ ವಾದ ಮುಗಿಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿ, ಅವಧಿ 2 ನಿಮಿಷ 30 ಸೆಕೆಂಡು ಎಂದು ಸರ್ಕಾರ ಆಜ್ಞೆ ಹೊರಡಿಸಿತು. ಅದು ಹೈಕೋರ್ಟಿಗೂ ಹೋಯಿತು. ಇಬ್ಬರೂ ತೀರಿಕೊಂಡಿದ್ದಾರೆ, ಅನಂತಸ್ವಾಮಿಯವರು 1995ರಲ್ಲಿ, ಅಶ್ವತ್ಥರು 2009ರಲ್ಲಿ. ಅವರ ಪಕ್ಷದವರು ಇನ್ನೂ ವಾದಿಸುತ್ತಿದ್ದಾರೆ. ಇದನ್ನು ಕೆಲವರು ಅವಮಾನವೆಂದರು. ನನಗೆ ಹಾಗೆನಿಸಲಿಲ್ಲ. ಒಂದು ರಾಗದ ಧಾಟಿಗಾಗಿ ಜನ ಇಷ್ಟು ಹಟ ಹಿಡಿಯುತ್ತಾರೆಂದರೆ ಅವರು ನಿಜವಾಗಿ ಕೇಳಿದ್ದಾರೆಂದೇ ಅರ್ಥ.

ಗೌಹರ್ ಜಾನ್ ಕಾಲದಲ್ಲಿ ತಟ್ಟೆ ಹಾಡಿಗೆ ಮೂರು ನಿಮಿಷ ಕೊಟ್ಟಿತ್ತು, ಈಗ ಆಜ್ಞೆ ಎರಡೂವರೆ ಕೊಟ್ಟಿದೆ. ಕೃಷ್ಣರಾಜಪುರದ ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಮುನ್ನೂರು ಮಕ್ಕಳು ನಿಲ್ಲುತ್ತಾರೆ. ತೆಲುಗು, ತಮಿಳು, ಉರ್ದು, ಈಚೆಗೆ ಒಡಿಯಾ ಮತ್ತು ಹಿಂದಿ ಮನೆಮಾತಿನವರು. ಮೊಬೈಲಿನಲ್ಲಿ ಕೇಳಿ ಅನಂತಸ್ವಾಮಿಯವರ ಧಾಟಿಯಲ್ಲಿ ಎತ್ತಿಕೊಳ್ಳುತ್ತಾರೆ; ಮೂರನೆಯ ಚರಣದ ಹೊತ್ತಿಗೆ ಹಿಂದಿನ ಸಾಲಿನ ಹುಡುಗರು ತಮ್ಮದೇ ವೇಗ ಹಿಡಿದಿರುತ್ತಾರೆ. ಮುಂದಿನ ಸಾಲಿನವರು ಮುಗಿಸಿ ಸುಮ್ಮನಾದ ಮೇಲೂ ಹಿಂದಿನವರ ಹಾಡು ಇನ್ನೂ ಸ್ವಲ್ಪ ಹೊತ್ತು ನಡೆಯುತ್ತದೆ. ಗಡಿಯಾರ ನೋಡಿದರೆ ಮೂರು ನಿಮಿಷ ದಾಟಿರುತ್ತದೆ. ನಾನು ತಿದ್ದಲು ಹೋಗುವುದಿಲ್ಲ.